ಡ್ರೈವರ್ ಸೀಟಿನ ನಾಲ್ಕನೇ ಬೋಲ್ಟಿಗೆ ಒಂದು ಬಿನ್ನಹ

ಅಕ್ಕನ ಮಗಳ ಕಾರಿನಲ್ಲಿ ಡ್ರೈವರ್ ಸೀಟನ್ನು ಹಿಡಿದಿಟ್ಟಿರುವ, ಹಿಂಭಾಗದ ಬಲಬದಿಯ ಬೋಲ್ಟ್ ಅವರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮನ್ನು ಬಿಗಿದಪ್ಪಿಕೊಂಡಿರುವ ತುಕ್ಕಿಗೂ, ತಾವಿಬ್ಬರೂ ಸಂಸಾರ ಹೂಡಿರುವ ಆ ಕತ್ತಲ ಸಂದಿಗೂ ನನ್ನ ಸಾವಿರ ನಮಸ್ಕಾರಗಳು. ಮೊದಲಿಗೆ ನನ್ನ ಕಿರುಪರಿಚಯ. ಚಕ್ರ ಉರುಳಲು ಕಲಿತ ದಿನದಿಂದ ಇಂದಿನವರೆಗೆ ನನ್ನಂಥ ಯಂತ್ರಜ್ಞಾನಿ ಈ ಭೂಮಿಯ ಮೇಲೆ ಹುಟ್ಟಿಲ್ಲ. ಕಾರು ಕಂಡುಹಿಡಿದವರು ಸ್ಟೆಪ್ನಿಯನ್ನು ಎಲ್ಲಿಡುವುದೆಂದು ತಿಳಿಯದೆ ತಲೆ ಕೆರೆದುಕೊಳ್ಳುತ್ತಿದ್ದಾಗ, ಡಿಕ್ಕಿಯಲ್ಲಿಡಿ ಎಂದು ಹೇಳಿ ಕಳಿಸಿದವನೇ ನಾನು. ಕೆಟ್ಟು ನಿಂತ ಗಾಡಿಗಳು ನನ್ನ ಕೆಮ್ಮು ಕೇಳಿದರೆ ಸಾಕು, ತಾವಾಗಿ ಸ್ಟಾರ್ಟ್ ಆಗುತ್ತವೆ. ಇಂಥ ನನ್ನನ್ನು ತಾವು ಒಂದು ವಾರ ಕಾಲ ಕಾರಿನೊಳಗೆ ಬೋರಲು ಮಲಗಿಸಿದಿರಲ್ಲ, ಆ ವಿಷಯವಾಗಿ ಈ ಪತ್ರ.

ನಮ್ಮ ಅಕ್ಕನ ಮಗಳು ನರ್ಸು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟಿ, ಚುಚ್ಚುಮದ್ದು ಕೊಟ್ಟು ಬರುವ ಕೆಲಸ. ಅದಕ್ಕೆಂದೇ ಹಳೆಯ ಕಾರೊಂದನ್ನು ಕೊಂಡಳು. ಅದರ ಡ್ರೈವರ್ ಸೀಟು ಎಷ್ಟು ಕುಸಿದಿತ್ತೆಂದರೆ, ಕೂತವರು ಸ್ಟೀರಿಂಗಿನ ಸಂದಿಯಿಂದ ರಸ್ತೆಯನ್ನು ಇಣುಕಿ ನೋಡಬೇಕು; ಸಂಜೆ ಮನೆಗೆ ಬಂದರೆ ಬೆನ್ನುನೋವಿನಿಂದ ಅವಳೇ ರೋಗಿಗಳಿಗಿಂತ ಜೋರಾಗಿ ನರಳುತ್ತಿದ್ದಳು. ಬೀದಿಯ ಕೊನೆಯ ಗ್ಯಾರೇಜಿನವನು "ಬೇರೆ ಸೀಟು ತಂದ್ಕೊಡಿ ಅಕ್ಕಾ, ಮಧ್ಯಾಹ್ನದೊಳಗೆ ಕೂರಿಸ್ಕೊಡ್ತೀನಿ" ಎಂದಿದ್ದನಂತೆ, ಇವಳೂ ಹೂಂ ಎಂದಿದ್ದಳಂತೆ. ಸೋದರಮಾವ ಎಂಬ ಪ್ರಾಣಿ ಮನೆಯಲ್ಲಿ ಕಣ್ಣು ಬಿಟ್ಟುಕೊಂಡು ಕೂತಿರುವಾಗ ಕಾರನ್ನು ಹೊರಗಿನವರ ಕೈಗೆ ಕೊಡುವುದುಂಟೇ? ಒಂದು ಟೂಲ್ ಬಾಕ್ಸ್ ತಂದಿಟ್ಟುಕೊಂಡರೆ ಇವತ್ತು ಸೀಟು, ನಾಳೆ ಲೈಟು, ನಾಡಿದ್ದು ಹಾರನ್ನು, ಎಲ್ಲವನ್ನೂ ಮನೆಯಲ್ಲೇ ಕಿತ್ತು ಬೇರೆ ಹಾಕಬಹುದೆಂದು ಘೋಷಿಸಿದೆ. ಅಕ್ಕ ಪಾತ್ರೆ ತೊಳೆಯುತ್ತ, ತಿರುಗಿಯೂ ನೋಡದೆ, "ಕೀಳೋದೇನೋ ಕೀಳ್ತೀಯ ಕಣೋ, ಹಾಕೋರ್ಯಾರು?" ಎಂದಳು. ದೊಡ್ಡ ಕೆಲಸಕ್ಕೆ ಹೊರಟವನಿಗೆ ಇಂಥ ಒಂಟಿ ಸೀನುಗಳು ಕೇಳಿಸಬಾರದು.

ಗುಜರಿಯಿಂದ ಗಟ್ಟಿಮುಟ್ಟಾದ ಸೀಟೊಂದನ್ನು ಆರಿಸಿ ತಂದೆ. ಆಮೇಲೆ ಸಲಕರಣೆ ಅಂಗಡಿಗೆ ಹೋದರೆ ಅಲ್ಲಿನವರು ಎರಡು ಪೆಟ್ಟಿಗೆ ತೆರೆದಿಟ್ಟರು. ಒಂದರ ಸ್ಪ್ಯಾನರುಗಳ ಮೇಲೆ ಹತ್ತು, ಹನ್ನೆರಡು, ಹದಿನಾಲ್ಕು ಎಂದು ಒಂದನೇ ಕ್ಲಾಸಿನ ಮಕ್ಕಳು ತಿದ್ದುವ ಅಂಕಿಗಳು. ಇನ್ನೊಂದರಲ್ಲಿ ಅರೆ, ಮುಕ್ಕಾಲು, ಎಂಟರಲ್ಲಿ ಮೂರು, ಹದಿನಾರರಲ್ಲಿ ಒಂಬತ್ತು ಎಂದು ಗಾಂಭೀರ್ಯ ತುಂಬಿದ ಭಿನ್ನರಾಶಿಗಳು. ಮಾನ್ಯರೇ, ನಾನು ಹಳ್ಳಿ ಶಾಲೆಯಲ್ಲಿ ಕಲಿತವನು. ಕಾಲರ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲರ ಮಗ್ಗಿಗಳನ್ನು ಉಸಿರು ಬಿಡದೆ ಒಪ್ಪಿಸಿ ಮೇಷ್ಟ್ರಿಂದ ಶಭಾಷ್ ಅನ್ನಿಸಿಕೊಂಡವನು. ಆ ಶಭಾಷ್‌ಗೆ ಇಷ್ಟು ವರ್ಷವಾದರೂ ಒಬ್ಬ ಗಿರಾಕಿ ಸಿಕ್ಕಿರಲಿಲ್ಲ. ಅಂಗಡಿಯವರು "ಅದು ಇಂಚಿನ ಸೆಟ್ಟು ಸಾರ್, ನಿಮ್ಮ ಗಾಡಿ ಬೋಲ್ಟೆಲ್ಲ ಮಿಲಿಮೀಟರಿಂದು" ಎಂದು ಗೊಣಗಿದರು. ನನಗೇ ಲೆಕ್ಕ ಹೇಳಿಕೊಡಲು ಬಂದರಲ್ಲ ಎಂದು ಕೆರಳಿ, ಗಲ್ಲಾಪೆಟ್ಟಿಗೆಯ ಮುಂದೆಯೇ ಮುಕ್ಕಾಲರ ಮಗ್ಗಿ ಶುರು ಮಾಡಿದೆ. ಆರು ಮುಕ್ಕಾಲು ನಾಲ್ಕೂವರೆಗೆ ಬರುವಷ್ಟರಲ್ಲಿ ಅವರು ಕೈಮುಗಿದು ಇಂಚಿನ ಪೆಟ್ಟಿಗೆಯನ್ನೇ ಕಟ್ಟಿಕೊಟ್ಟರು. ಮುಚ್ಚಳದ ಮೇಲೆ 'ನೂರೆಂಟು ಸಾಮಾನು' ಎಂದು ಬರೆದಿತ್ತು. ನೂರೆಂಟು ಎಂಬುದು ತಾಪತ್ರಯಗಳನ್ನು ಎಣಿಸುವ ಲೆಕ್ಕವೆಂದು ಆಗ ಹೊಳೆಯಲಿಲ್ಲ.

ತಮ್ಮ ತಲೆಯ ಅಳತೆ ಹದಿನಾಲ್ಕು ಮಿಲಿಮೀಟರು. ನನ್ನ 'ಹದಿನಾರರಲ್ಲಿ ಒಂಬತ್ತು' ಇಂಚು ಅದಕ್ಕಿಂತ ಕೂದಲೆಳೆಯಷ್ಟು ದೊಡ್ಡದು. ಇಷ್ಟು ಸಣ್ಣ ವಿಷಯವನ್ನು ಸಜ್ಜನರು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ತಮ್ಮ ಮೂವರು ಸಹೋದ್ಯೋಗಿಗಳೂ ಹಚ್ಚಿಕೊಳ್ಳದೆ, ಒಂದಿಷ್ಟು ಕಿರುಗುಟ್ಟಿ, ಮರ್ಯಾದೆಯಿಂದ ರಾಜೀನಾಮೆ ಕೊಟ್ಟು ಹೊರಬಂದರು. ತಾವು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಬಲ ಹಾಕಿದೆ, ಸ್ಪ್ಯಾನರ್ ಜಾರಿ ನನ್ನ ಗೆಣ್ಣುಗಳ ಸಿಪ್ಪೆ ಸುಲಿಯಿತು. ಇನ್ನಷ್ಟು ಬಲ ಹಾಕಿದೆ, ತಮ್ಮ ಆರು ಮೂಲೆಗಳಲ್ಲಿ ಎರಡು ಸವೆದವು. ಸಿಟ್ಟಿನಲ್ಲಿ ಹಾಕಿದ ಬಲಕ್ಕೆ ಉಳಿದ ನಾಲ್ಕೂ ಹೋಗಿ, ತಾವು ಗೋಲಿಯಂತೆ ನುಣ್ಣಗಾಗಿ, ಯಾರ ಹಿಡಿತಕ್ಕೂ ಸಿಗದ ಸ್ಥಿತಪ್ರಜ್ಞರಾದಿರಿ.

ಅಲ್ಲಿಂದ ನನ್ನ ಪುಟ್ಟ ಟೂಲ್ ಬಾಕ್ಸಿನ ವಂಶಾಭಿವೃದ್ಧಿ ಶುರುವಾಯಿತು. ತುಕ್ಕು ಬಿಡಿಸುವ ಎಣ್ಣೆ ಬಂತು. ಸುತ್ತಿಗೆ ಬಂತು, ಉಳಿ ಬಂತು, ಉಳಿ ಜಾರಿದ್ದಕ್ಕೆ ಕೈಗವಸು ಬಂತು. ಸಂದಿಯೊಳಗೆ ತಮ್ಮ ಮುಖದರ್ಶನಕ್ಕೆಂದು ಹಣೆಗೆ ಕಟ್ಟುವ ಟಾರ್ಚು ಬಂತು. ಕಾರಿನಡಿ ತೂರಲು ಚಕ್ರದ ಹಲಗೆಯೂ ಬಂತು. ತಾವಿರುವುದು ಕಾರಿನ ಒಳಗೆ ಎಂಬುದು ಹಲಗೆ ಮನೆಗೆ ಬಂದ ಮೇಲೆ ನೆನಪಾಯಿತು. ಇಷ್ಟೆಲ್ಲ ಇಡಲು, ಬಿಡಿಬಿಡಿಯಾಗಿ ಬರುವ, ನಾವೇ ಜೋಡಿಸಿಕೊಳ್ಳಬೇಕಾದ ಕಪಾಟೊಂದನ್ನು ತಂದೆ. ಅದನ್ನು ಜೋಡಿಸಲು ಹತ್ತು ಮಿಲಿಮೀಟರಿನ ಸ್ಪ್ಯಾನರ್ ಬೇಕಿತ್ತು. ನನ್ನ ನೂರೆಂಟರಲ್ಲಿ ಅದೊಂದೇ ಇರಲಿಲ್ಲ. ಕಪಾಟು ಈಗ ಗೋಡೆಗೆ ಒರಗಿ ಮಲಗಿದೆ.

ಆದರೂ ತಮ್ಮನ್ನು ಹೊಗಳದೆ ಇರಲಾರೆ. ಎಣ್ಣೆ ಹಚ್ಚಿದರೆ ಕರಗುವ, ಬೆಣ್ಣೆ ಹಚ್ಚಿದರೆ ಬಾಗುವ ಈ ಕಾಲದಲ್ಲಿ ತಾವೊಬ್ಬರೇ ನಿಂತಲ್ಲೇ ನಿಂತಿರಿ. ಕುರ್ಚಿ ಬಿಡದ ಎಂತೆಂಥ ದೊಡ್ಡವರನ್ನು ನಾನು ನೋಡಿಲ್ಲ? ಅವರಾದರೂ ಸುತ್ತಿಗೆ ಕಂಡರೆ ಎದ್ದು ನಿಲ್ಲುತ್ತಾರೆ. ತಲೆಯೇ ಸವೆದುಹೋದರೂ ಸ್ಥಾನ ಬಿಡದಿರುವುದು ಹೇಗೆಂದು ತಮ್ಮಿಂದ ಪಾಠ ಹೇಳಿಸಿಕೊಳ್ಳಲು ಅವರೆಲ್ಲ ಈ ಕಾರಿನ ಮುಂದೆ ಸಾಲು ನಿಲ್ಲುವ ದಿನ ದೂರವಿಲ್ಲ.

ಆದರೆ ಮೂರು ಬೋಲ್ಟ್ ಕಳಚಿ ತಮ್ಮೊಬ್ಬರ ಮೇಲೆ ಗಿರಗಿರನೆ ತಿರುಗುವ ಸೀಟಿನಲ್ಲಿ ಕೂತು ಕಾರು ಓಡಿಸುವಂತಿರಲಿಲ್ಲ. ಹುಡುಗಿ ಔಷಧಿಯ ಚೀಲ ಹೊತ್ತು ಬಸ್ಸು ಹತ್ತಿದಳು. ಊರಾಚೆಯ ಮನೆಯ ಒಬ್ಬ ಅಜ್ಜಿ ಚುಚ್ಚುಮದ್ದು ಆಗದೆ ಉಣ್ಣುವಂತಿಲ್ಲವೆಂದು, ತಟ್ಟೆ ಮುಂದಿಟ್ಟುಕೊಂಡು ಬಾಗಿಲನ್ನೇ ನೋಡುತ್ತ ಕೂತಿದ್ದರಂತೆ. ಇವಳ ಮೇಲಿನವರು "ಸೋಮವಾರ ಗಾಡಿ ಇಲ್ದಿದ್ರೆ ದೂರದ ಮನೆಗಳನ್ನ ಬೇರೆಯವರಿಗೆ ಕೊಡ್ಬೇಕಾಗುತ್ತಮ್ಮ" ಎಂದುಬಿಟ್ಟರು. ದೂರದ ಮನೆಗಳೆಂದರೆ ಅವಳ ಅರ್ಧ ದುಡಿಮೆ. ಅವಳು ನನ್ನನ್ನು ಬೈಯಲಿಲ್ಲ. "ಮಾವ, ಸೋಮವಾರಕ್ಕೆ ಆಗುತ್ತಾ?" ಎಂದಷ್ಟೇ ಕೇಳಿದಳು. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಹಾಗೆ ಕೇಳಿದ್ದಕ್ಕೆ ಹಣೆಗೆ ಟಾರ್ಚು ಕಟ್ಟಿಕೊಂಡು ಮತ್ತೆ ಕಾರಿನೊಳಗೆ ಬೋರಲು ಬಿದ್ದೆ.

ಭಾನುವಾರ ಸಂಜೆ ಅವಳೇ ಹೋಗಿ ಹದಿನಾಲ್ಕರ ಒಂದೇ ಒಂದು ಸ್ಪ್ಯಾನರ್ ಕೊಂಡು ಬಂದಳು. ಹಳೆಯ ಸೀಟನ್ನೇ ನೇರ ಮಾಡಿ, ಕಳಚಿದ್ದ ಮೂರೂ ಬೋಲ್ಟುಗಳನ್ನು ಅವುಗಳ ಜಾಗದಲ್ಲಿ ಕೂರಿಸಿ ಬಿಗಿದಳು. ಕುಸಿದ ಜಾಗಕ್ಕೆ ಕಂಬಳಿಯೊಂದನ್ನು ಮಡಿಸಿ ಹಾಸಿ, ದಪ್ಪ ಟವೆಲನ್ನು ಸುರುಳಿ ಸುತ್ತಿ ಸೊಂಟದ ಹಿಂದೆ ಇಟ್ಟುಕೊಂಡು ಕೂತಳು. ರಸ್ತೆ ಸ್ಟೀರಿಂಗಿನ ಮೇಲಿಂದಲೇ ಕಂಡಿತು. "ಪೇಷಂಟುಗಳಿಗೆ ದಿನಾ ಇದನ್ನೇ ಹೇಳ್ತಿದ್ದೆ, ನಂಗೇ ಹೊಳೀಲಿಲ್ಲ ನೋಡಮ್ಮ" ಎಂದು ನಕ್ಕಳು. ಈ ಬೆಳಿಗ್ಗೆ ಕಾರು ಬೀದಿ ದಾಟಿತು, ದೂರದ ಮನೆಗಳು ಅವಳಿಗೇ ಉಳಿದವು. ಗುಜರಿಯ ಸೀಟು ಮಾತ್ರ ನಡುಮನೆಯಲ್ಲಿದೆ. ಅದರಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ. ಬೆನ್ನಿಗೆ ಬಲು ಹಿತ, ಒರಗಿದರೆ ಮಾತ್ರ ಹಿಂದಕ್ಕೆ ಮಗುಚುತ್ತದೆ.

ಆದ್ದರಿಂದ ಮಾನ್ಯರಲ್ಲಿ ನನ್ನ ಸಣ್ಣಪುಟ್ಟ ಕೋರಿಕೆಗಳಿವೆ. ದಯಮಾಡಿ ಕೂದಲೆಳೆಯಷ್ಟು ದಪ್ಪಗಾಗಿ ನನ್ನ ಭಿನ್ನರಾಶಿಯ ಮಾನ ಉಳಿಸಬೇಕು. ಅದು ಕಷ್ಟವೆನಿಸಿದರೆ ಕಳೆದುಕೊಂಡ ಆರು ಮೂಲೆಗಳನ್ನು ಮರಳಿ ಬೆಳೆಸಿಕೊಳ್ಳಬೇಕು. ಅದೂ ಆಗದಿದ್ದರೆ, ಮನೆಮಂದಿಯೆಲ್ಲ ನೋಡುತ್ತಿರುವಾಗ, ನಾನು ಬರಿಗೈಯಲ್ಲಿ ಮುಟ್ಟಿದ ಕೂಡಲೇ, ತಾವಾಗಿಯೇ ಎಡಕ್ಕೆ ತಿರುಗಿ ಹೊರಬರಬೇಕು. ಕೊನೇಪಕ್ಷ ನಮ್ಮ ಅಕ್ಕನ ಕನಸಿನಲ್ಲಾದರೂ ಕಾಣಿಸಿಕೊಂಡು, ತಪ್ಪೆಲ್ಲ ನಂದೇ ತಾಯಿ, ನಿನ್ನ ತಮ್ಮ ಅಪ್ರತಿಮ ಎಂದು ಸಾಕ್ಷಿ ಹೇಳಬೇಕು.

ಗೆಣ್ಣು ಸುಲಿದರೂ ಗರ್ವ ಸುಲಿಯದ,
ತಮ್ಮ ವಿಶ್ವಾಸಿ,
ಸೋದರಮಾವ

ತಾ.ಕ.: ತಾವು ಗೆದ್ದೆನೆಂದು ಬೀಗುವುದು ಬೇಡ. ಈ ಕಾರೂ ಒಂದು ದಿನ ಗುಜರಿಯಲ್ಲಿ ಗಾಡಿ ಕತ್ತರಿಸುವವರ ಕೈ ಸೇರುತ್ತದೆ. ಅವರ ಗ್ಯಾಸಿನ ಉರಿ ಯಾರ ತಲೆಗೆ ಎಷ್ಟು ಮೂಲೆ ಎಂದು ವಿಚಾರಿಸುವುದಿಲ್ಲ. ಆ ದಿನ ಚಪ್ಪಾಳೆ ತಟ್ಟಲು ನಾನು ಹೊಸ ಬಟ್ಟೆ ಹಾಕಿಕೊಂಡು ಬರುತ್ತೇನೆ. ಖರ್ಚೆಷ್ಟಾಯಿತೋ ಎಂದು ಅಕ್ಕ ಕೇಳಿದ್ದಕ್ಕೆ 'ಏನೋ, ಚಿಲ್ಲರೆ' ಎಂದಿದ್ದೇನೆ. ತಾವು ಏನೇ ಮಾಡಿದರೂ ಬಾಯಿ ಬಿಡದವರೆಂದು ನಂಬಿ ತಮಗಷ್ಟೇ ಹೇಳುತ್ತೇನೆ, ತುಕ್ಕಿಗೂ ತಿಳಿಸಬೇಡಿ: ಎಲ್ಲ ಸೇರಿ ಹದಿನೇಳು ಸಾವಿರದ ಮುನ್ನೂರ ನಲವತ್ತು.