ಒಳಗಿನ ನಟ್ಟು

ಬೈಕಿನ ಕಾರ್ಬೋರೇಟರನ್ನು ಎಂಜಿನ್ನಿಗೆ ಬಿಗಿಯುವ ನಟ್ಟುಗಳು ಎರಡು. ಹೊರಗಿನದು ಯಾರ ಕೈಗಾದರೂ ಸಿಗುತ್ತದೆ. ಒಳಗಿನದನ್ನು ಅಲ್ಲಿಟ್ಟ ಪುಣ್ಯಾತ್ಮನಿಗೆ ಮನುಷ್ಯನ ಬೆರಳಿನ ಅಳತೆಯೇ ಗೊತ್ತಿರಲಿಲ್ಲವೆಂದು ಬನಹಟ್ಟಿಯ ಪರಮಾನಂದ ಮಾಸ್ತರರಿಗೆ ಆ ಭಾನುವಾರ ಬೆಳಿಗ್ಗೆ ಖಾತ್ರಿಯಾಯಿತು.

ಒಳಗಿನ ನಟ್ಟು ಸಡಿಲಾಗಿ ಬೈಕು ಮಾರು ದೂರಕ್ಕೊಮ್ಮೆ ನಿಲ್ಲುತ್ತಿತ್ತು. ಹೋದ ತಿಂಗಳು ಚಿಮ್ಮಡದ ಮಾವನ ಮನೆಗೆ ಅದನ್ನು ತಳ್ಳಿಕೊಂಡೇ ಹೋಗಿದ್ದರು. ಅಳಿಯಂದಿರಿಗೆ ನೆಟ್ಟಗೆ ಒಂದು ಮೊಳೆ ಹೊಡೆಯಲೂ ಬರುವುದಿಲ್ಲವೆಂದು ಮಾವ ಗಿರಮಲ್ಲಪ್ಪ ಬೀಗರ ಎದುರಿಗೇ ನಕ್ಕಿದ್ದರು. ಇವತ್ತು ಅಲ್ಲಿ ಹೆಂಡತಿಯ ತಮ್ಮನ ಕೂಸಿನ ತೊಟ್ಟಿಲ ಕಾರ್ಯ. ತಾವೇ ರಿಪೇರಿ ಮಾಡಿದ ಬೈಕಿನಿಂದ ಊಟದ ಹೊತ್ತಿಗೆ ಇಳಿದು ಮಾವನಿಂದ ಶಹಬ್ಬಾಸ್ ಅನ್ನಿಸಿಕೊಳ್ಳಬೇಕೆಂದು ಮಾಸ್ತರರ ಹಟ.

ಅಷ್ಟರಲ್ಲಿ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತು, ಕೈ ಖಾಲಿಯಾದ ನೇಕಾರರು ಬೈಕಿನ ಸುತ್ತ ನೆರೆದರು. ಸಾಬಣ್ಣ ಗಾಡಿ ಮಲಗಿಸಲು ಹೇಳಿದ. ಮಲಗಿಸಿದರೆ ಪೆಟ್ರೋಲು ಚೆಲ್ಲಿತು. ಲಗಮಪ್ಪ ನಟ್ಟು ಪೂರಾ ಬಿಚ್ಚಿ ಒರೆಸಿ ಹಾಕಲು ಹೇಳಿದ. ಬಿಚ್ಚಿದ್ದು ಮತ್ತೆ ಕೂರಲೊಲ್ಲದು. ಹಟಕ್ಕೆ ಬಿದ್ದು ಬೆರಳನ್ನು ಇನ್ನಷ್ಟು ಒಳಗೆ ತೂರಿಸಿದಾಗ ಮಾಸ್ತರರ ಕೈಯೇ ಸಿಕ್ಕಿಬಿತ್ತು. ಒಬ್ಬ ಎಣ್ಣೆ ಸುರಿದ, ಇನ್ನೊಬ್ಬ ಸಾಬೂನು ಹಚ್ಚಿದ. ಸೀರೆಯುಟ್ಟು ತಯಾರಾಗಿದ್ದ ಹೆಂಡತಿ ಶೇವಂತಿ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಳು. ಕೊನೆಗೆ ಅವಳೇ ಹೋಗಿ ಎದುರು ಮನೆಯ ರುಕ್ಮವ್ವನನ್ನು ಕರೆತಂದಳು.

ರುಕ್ಮವ್ವ ನಲವತ್ತು ವರ್ಷ ಮಗ್ಗದ ಮುಂದೆ ಕಡಿದ ಎಳೆಗಳಿಗೆ ಗಂಟು ಹಾಕಿದವಳು.

"ಕೈ ಸಡ್ಲ ಬಿಡ್ರಿ ಮಾಸ್ತರ್ರ. ನೀವು ಅದರ ಮ್ಯಾಲೆ ಸಿಟ್ಟಾಗೇರಿ, ಅದಕ್ಕ ಅದು ಬಿಡವಲ್ದು."

ಸಡಿಲ ಬಿಟ್ಟೊಡನೆ ಕೈ ಹೊರಗೆ ಬಂತು. ಅವಳು ನೂಲಿಗೆ ಹಚ್ಚುವ ಗಂಜಿಯನ್ನು ಬೆರಳ ತುದಿಗೆ ಇಷ್ಟೇ ಇಷ್ಟು ಸವರಿ ನಟ್ಟನ್ನು ಅಂಟಿಸಿಕೊಂಡಳು. ಆ ಸಂದಿಯಲ್ಲಿ ಕೈ ಬಿಟ್ಟು, ಕಣ್ಣು ಮುಚ್ಚಿ, ಮಲಗಿದ ಕೂಸಿನ ಅಂಗಿ ಗುಂಡಿ ಹಾಕುವಂತೆ ಮೆಲ್ಲಗೆ ತಿರುವಿದಳು. ನಟ್ಟು ಹಿಡಿಯಿತು. ಆಮೇಲೆ ನಟ್ಟು ಬಿಗಿಯುವ ಪಾನಾ ತೆಗೆದುಕೊಂಡು, ತುಸು ತಿರುವುವುದು, ಪಾನಾ ಮಗುಚಿ ಹಾಕುವುದು, ಮತ್ತೆ ತುಸು ತಿರುವುವುದು. ಅವಸರವಿಲ್ಲ, ಬೇಸರವಿಲ್ಲ. ಸಲಹೆ ಕೊಡುವವರೆಲ್ಲ ಕತ್ತು ಚಾಚಿ ನೋಡಿದರು. ಎಂಥ ಕೈ ಅದು! ನೋಡಿದವರಿಗೆ ನಮಸ್ಕಾರ ಮಾಡಬೇಕೆನ್ನಿಸುವಂಥ ಕೈ.

ಬೈಕು ಒಂದೇ ಕಿಕ್ಕಿಗೆ ಎದ್ದಿತು. ಚಿಮ್ಮಡದ ತನಕ ಎಲ್ಲೂ ನಿಲ್ಲಲಿಲ್ಲ. ಗಿರಮಲ್ಲಪ್ಪ ಅಂಗಳಕ್ಕೆ ಬಂದು ಎಂಜಿನ್ನಿನ ಸಪ್ಪಳಕ್ಕೆ ಕಿವಿಗೊಟ್ಟು, ಅಳಿಯನ ಹೆಗಲ ಮೇಲೆ ಕೈಯಿಟ್ಟು, ಯಾರು ಬಿಗಿದರೆಂದು ಕೇಳಿದರು. ಮಾಸ್ತರರು ಎದೆಯುಬ್ಬಿಸಿ "ನಾನಽ" ಅನ್ನುವುದರಲ್ಲಿದ್ದರು. ಅಷ್ಟರಲ್ಲಿ ಶೇವಂತಿ ಇಳಿದು ರುಕ್ಮವ್ವನ ಗಂಜಿ, ಬೆರಳು, ಪಾನಾ, ಗಂಡನ ಸಿಕ್ಕಿಬಿದ್ದ ಕೈ, ಎಲ್ಲವನ್ನೂ ಬಾಯ್ತುಂಬ ಬಣ್ಣಿಸಿಬಿಟ್ಟಳು.

ಮಾವನ ಮುಖ ಅರಳಿತು. ಅವರ ಬೈಕೂ ಅದೇ ರೋಗದಿಂದ ಆರು ತಿಂಗಳಿಂದ ಮೂಲೆ ಹಿಡಿದಿತ್ತು.

"ಅಳಿಯಂದಿರ, ಊಟ ಎಲ್ಲಿ ಓಡಿ ಹೋಗತೈತ್ರಿ? ಮೊದಲ ಹೋಗಿ ಆ ಅವ್ವನ್ನ ಕರಕೊಂಡು ಬರ್ರಿ."

ರುಕ್ಮವ್ವ ಮಾಸ್ತರರ ಬೈಕಿನಿಂದ ಬಂದಿಳಿದಾಗ ಅರಿಷಿಣ ಕುಂಕುಮ ಕೊಟ್ಟು, ಮೊದಲ ಪಂಕ್ತಿಯಲ್ಲಿ ಕೂರಿಸಿ ಹೋಳಿಗೆ ಬಡಿಸಿದರು. ಉಂಡೆದ್ದು ಸೆರಗು ಸಿಕ್ಕಿಸಿಕೊಂಡ ಅವಳು, ಗಾಡಿ ಅಲುಗಬಾರದು, ಹಿಡಿಯಲು ಒಬ್ಬರು ಬೇಕೆಂದಳು. ಎರಡನೇ ಪಂಕ್ತಿಯಲ್ಲಿ ಎಲೆಯ ಮುಂದೆ ಆಗಷ್ಟೇ ಕುಳಿತಿದ್ದ ಮಾಸ್ತರರ ಕಡೆಗೆ ಮಾವ ತಿರುಗಿದರು.

"ಅದಕ್ಕೇನ್ರಿ, ನಮ್ಮ ಅಳಿಯಂದಿರು ಅದಾರಲ್ಲ."

ಮಾಸ್ತರರು ಎದ್ದು ಹೋಗಿ ಗಾಡಿ ಹಿಡಿದರು. ಅದರ ಹಿಂದೆ ಆಗಲೇ ಊರಿನ ಇನ್ನೂ ನಾಲ್ಕು ಬೈಕುಗಳು ಸಾಲುಗಟ್ಟಿದ್ದವು.