ನಮ್ಮ ಭಾವನ ಟೈಟಾನಿಯಮ್ಮ

ನಮ್ಮ ಭಾವ ಹೆಣ್ಣು ನೋಡಲು ಬಂದಾಗ ತೆಗೆದುಕೊಂಡದ್ದು ಒಂದು ತಟ್ಟೆ ಉಪ್ಪಿಟ್ಟು, ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು. ಅಷ್ಟರಲ್ಲಿ ಅಕ್ಕನನ್ನು ಒಪ್ಪಿಬಿಟ್ಟರು. ಅದೇ ಮಹಾಶಯರು ಒಂದು ಸೈಕಲ್ ಫ್ರೇಮು ಒಪ್ಪಲು ಆರು ವರ್ಷ ತೆಗೆದುಕೊಂಡು, ಕೊನೆಗೂ ಒಪ್ಪಲಿಲ್ಲ ಎಂದರೆ ನಂಬುತ್ತೀರಾ? ನಂಬಲೇಬೇಕು. ಇದಕ್ಕೆ ನಾನು ಸಾಕ್ಷಿ. ಸಾಕ್ಷಿ ಮಾತ್ರವಲ್ಲ, ಆರೋಪಿಯೂ ಹೌದು. ಅದನ್ನು ಆಮೇಲೆ ಹೇಳುತ್ತೇನೆ.

"ನನ್ನನ್ನೂ ಹಿಂಗೇ ನೋಡಿದ್ದಿದ್ರೆ ನಾನು ಇವತ್ತಿಗೂ ಅಪ್ಪನ ಮನೇಲೇ ಇರ್ತಿದ್ದೆ ಕಣೋ" ಎನ್ನುತ್ತಾಳೆ ಅಕ್ಕ. ಅದು ಹೆಮ್ಮೆಯೋ ಪಶ್ಚಾತ್ತಾಪವೋ ನಾನು ಕೇಳಿಲ್ಲ.

ಭಾವ ದೊಡ್ಡಬಳ್ಳಾಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವರು. ಐವತ್ತು ಹತ್ತಿರ ಬಂದಾಗ ಅವರಿಗೆ ಬೆಟ್ಟ ಹತ್ತುವ ಸೈಕಲ್ಲಿನ ಹುಚ್ಚು ಹಿಡಿಯಿತು. ಅಂಗಡಿಯಲ್ಲಿ ಸಿದ್ಧವಾಗಿರುವ ಸೈಕಲ್ ತರುವುದೆಂದರೆ ಅವರಿಗೆ ಹೋಟೆಲ್ ಊಟದಷ್ಟೇ ಅಸಡ್ಡೆ. ಮೊದಲು ಫ್ರೇಮು ಆರಿಸಬೇಕು, ಆಮೇಲೆ ಚಕ್ರ, ಹ್ಯಾಂಡಲ್ಲು, ಬ್ರೇಕು ಒಂದೊಂದಾಗಿ ಜೋಡಿಸಬೇಕು. ಸರಿ, ಫ್ರೇಮು ಯಾವುದರದ್ದು? ಸ್ಟೀಲು ಭಾರ, ತುಕ್ಕು ಹಿಡಿಯುತ್ತದೆ, ಆದರೆ ಮುರಿದರೆ ಯಾವ ಊರಲ್ಲಾದರೂ ವೆಲ್ಡಿಂಗ್ ಮಾಡಿಸಬಹುದು. ಟೈಟಾನಿಯಂ ಹಗುರ, ತುಕ್ಕು ಹತ್ತಿರ ಸುಳಿಯುವುದಿಲ್ಲ, ಆದರೆ ಬಿರುಕು ಬಿಟ್ಟರೆ ನಮ್ಮ ಕಡೆ ಅದನ್ನು ಮುಟ್ಟುವವರಿಲ್ಲ. ಇಷ್ಟೇ ವಿಷಯ. ಇಷ್ಟರಲ್ಲೇ ಆರು ವರ್ಷ ಕಳೆದವು!

ನಮ್ಮಿಬ್ಬರ ನಡುವೆ ಒಂದು ಒಪ್ಪಂದವಿತ್ತು. ಸೈಕಲ್ಲು ಸಿದ್ಧವಾದ ಮೊದಲ ಭಾನುವಾರ ಭಾವ, ಬಾಮೈದ ಇಬ್ಬರೂ ಡಾಂಬರು ರಸ್ತೆ ಬಿಟ್ಟು, ಮಣ್ಣು ದಾರಿಯಲ್ಲೇ ಶಿವಗಂಗೆ ಬೆಟ್ಟದ ಬುಡದವರೆಗೆ ತುಳಿದುಕೊಂಡು ಹೋಗಬೇಕು. ದಾರಿಯ ನಕ್ಷೆಯನ್ನು ಅವರು ಗ್ರಾಫ್ ಹಾಳೆಯ ಮೇಲೆ ಬರೆದಿದ್ದರು. ನನಗಾಗಿ ಯಾರದೋ ಸೈಕಲ್ಲನ್ನು ಎರವಲಿಗೆ ಗೊತ್ತು ಮಾಡಿಟ್ಟಿದ್ದರು. ಬಾಕಿ ಇದ್ದದ್ದು ಅವರ ಫ್ರೇಮು ಮಾತ್ರ.

ಮೊದಲು ತುಕ್ಕಿನ ಪರೀಕ್ಷೆ ನಡೆಯಿತು. ಬೆವರಿನಲ್ಲಿ ಉಪ್ಪಿರುತ್ತದೆ, ಉಪ್ಪು ಸ್ಟೀಲಿಗೆ ಶತ್ರು. ಹಾಗಾದರೆ ಪರೀಕ್ಷಿಸಲು ಮನೆಯಲ್ಲಿ ಅತಿ ಹೆಚ್ಚು ಉಪ್ಪಿರುವ ಜಾಗ ಯಾವುದು? ಅಕ್ಕನ ಮಾವಿನಕಾಯಿ ಉಪ್ಪಿನಕಾಯಿ ಜಾಡಿ! ಗೇಣುದ್ದದ ಸ್ಟೀಲ್ ಕೊಳವೆಯೊಂದನ್ನು ಅದರೊಳಗೆ ಹೂತಿಟ್ಟು ಕಾಲೇಜಿಗೆ ಹೋದರು. ಮರುದಿನ ಬೀಗರು ಬಂದರು. ಅಕ್ಕ ಸೌಟು ಹಾಕಿದಳು, ಠಣ್ ಎಂದಿತು. ಮೇಲೆತ್ತಿದರೆ ಮಸಾಲೆ ಮೆತ್ತಿದ ಕೊಳವೆ. ಬೀಗರು ಗಾಬರಿಯಿಂದ "ಇದನ್ನ ಕಡಿಯೋದು ಹೆಂಗೆ?" ಎಂದು ಕೇಳಿದರಂತೆ.

ಆ ವಾರವೆಲ್ಲ ಅಕ್ಕ ಮಾತು ಬಿಟ್ಟಿದ್ದರಿಂದ ಭಾವ ಟೈಟಾನಿಯಂ ಕಡೆ ವಾಲಿದರು. ಅದಕ್ಕೆ ವೆಲ್ಡಿಂಗ್ ಮಾಡುವವರು ಯಾರಾದರೂ ಸಿಗುತ್ತಾರೋ ನೋಡೋಣವೆಂದು ನನ್ನನ್ನು ಕರೆದುಕೊಂಡು ದೊಡ್ಡಬೆಳವಂಗಲಕ್ಕೆ ಹೊರಟರು. ಅಲ್ಲಿ ಟ್ರಾಕ್ಟರ್ ನೇಗಿಲಿಗೆ ವೆಲ್ಡಿಂಗ್ ಮಾಡುತ್ತಿದ್ದ ಯಜಮಾನ ಕನ್ನಡಕ ಹಣೆಗೇರಿಸಿ ಎಲ್ಲವನ್ನೂ ಕೇಳಿಸಿಕೊಂಡ.

"ಟೈಟಾನಿಯಮ್ಮನಾ? ಯಾವೂರ ದೇವ್ರು ಸಾ ಅದು?"

"ದೇವ್ರಲ್ಲ ಕಣಪ್ಪ, ಲೋಹ! ಬೆಸುಗೆ ಹಾಕೋವಾಗ ಗಾಳಿ ಸೋಕಬಾರ್ದು."

"ಗಾಳಿ ಸೋಕಬಾರ್ದು, ಮುಟ್ಟೋರಿಲ್ಲ, ತುಕ್ಕು ಹಿಡಿಯಲ್ಲ ಅಂತೀರ. ಇಷ್ಟು ಮಡಿ ಇದ್ರೆ ದೇವ್ರೇ ಸಾ. ಮನೇಲಿಟ್ಟು ಪೂಜೆ ಮಾಡಿ."

ಅಂದಿನಿಂದ ಆ ಲೋಹಕ್ಕೆ ನಮ್ಮ ಮನೆಯಲ್ಲಿ ಟೈಟಾನಿಯಮ್ಮ ಎಂದೇ ಹೆಸರು. "ನಿಮ್ಮ ಭಾವ ಟೈಟಾನಿಯಮ್ಮನ ಧ್ಯಾನದಲ್ಲಿದ್ದಾರೆ, ಆಮೇಲೆ ಮಾಡು" ಎಂದು ಅಕ್ಕ ಫೋನ್ ಇಡುತ್ತಿದ್ದಳು.

ಇನ್ನು ನನ್ನ ಅಪರಾಧಕ್ಕೆ ಬರುತ್ತೇನೆ. ಭಾವ ಸ್ಟೀಲೆಂದರೆ ನಾನು ಟೈಟಾನಿಯಂ ಎನ್ನುತ್ತಿದ್ದೆ. ಅವರು ಟೈಟಾನಿಯಂ ಎಂದರೆ ನಾನು ಸ್ಟೀಲಿನ ವಕೀಲ. ನನಗೆ ಎರಡರ ಬಗ್ಗೆಯೂ ಏನೇನೂ ಗೊತ್ತಿರಲಿಲ್ಲ. ಅವರು ಹುಬ್ಬು ಗಂಟಿಕ್ಕಿ, "ಹೌದಲ್ವಾ, ಅದೂ ಒಂದು ಪಾಯಿಂಟೇ" ಎಂದು ಮತ್ತೆ ಮೊದಲಿನಿಂದ ಶುರು ಮಾಡುವುದನ್ನು ನೋಡುವುದೇ ಒಂದು ಮಜಾ. ಸ್ಟೀಲ್ ಫ್ರೇಮು ಬುಕ್ ಮಾಡಲು ಹೊಸಕೋಟೆಯ ಅಂಗಡಿಯವರೆಗೂ ಹೋಗಿದ್ದವರಿಗೆ ಫೋನ್ ಮಾಡಿ, "ಮಳೆಗಾಲದಲ್ಲಿ ಕೊಳವೆ ಒಳಗಡೆ ತುಕ್ಕು ಹಿಡಿದ್ರೆ ಹೊರಗೆ ಕಾಣಲ್ವಂತೆ ಭಾವ" ಎಂದು ಒಂದು ಬಿಟ್ಟೆ. ಮಧ್ಯಾಹ್ನದ ಊಟಕ್ಕೆ ಬರಿಗೈಯಲ್ಲಿ ವಾಪಸ್ಸು ಬಂದಿದ್ದರು!

ಕೊನೆಗೆ ಅವರು ವಿಜ್ಞಾನವನ್ನು ಕೈಬಿಟ್ಟು ತಮ್ಮ ಹುಟ್ಟೂರು ಸಾಸಲಿನ ಕಡೆಯ ಅಮ್ಮನ ಗುಡಿಗೆ ಹೂ ಕೇಳಲು ಹೋದರು. ದೇವಿಯ ಎರಡು ಭುಜಕ್ಕೂ ಒಂದೊಂದು ಹೂವು ಅಂಟಿಸಿ, ಮನಸ್ಸಿನಲ್ಲಿ ಕೇಳಿಕೊಂಡು, ಯಾವ ಹೂವು ಮೊದಲು ಬೀಳುತ್ತದೆಂದು ಕಾಯುವುದು. ಬೇರೆಯವರು ಮದುವೆ, ಬೋರ್‌ವೆಲ್ಲು ಕೇಳಿದರೆ ಇವರು ಕೇಳಿದ್ದು ಎಡಕ್ಕೆ ಸ್ಟೀಲು, ಬಲಕ್ಕೆ ಟೈಟಾನಿಯಂ. ಹೂವು ಬಿತ್ತು. "ಬಲಗಡೆ ಕೊಟ್ಳು ತಾಯಿ!" ಎಂದರು ಪೂಜಾರಪ್ಪ. ಭಾವ ಗುಡಿಯ ಜಗಲಿಯಿಂದಲೇ ನನಗೆ ಫೋನ್ ಮಾಡಿದರು.

"ಲೇ ಬಾಮೈದ, ಮುಗೀತು! ಟೈಟಾನಿಯಂ! ಇವತ್ತೇ ಬುಕ್ ಮಾಡ್ತೀನಿ. ಮುಂದಿನ ತಿಂಗಳು ಶಿವಗಂಗೆ!"

ಆ ದನಿಯಲ್ಲಿದ್ದ ಸಂತೋಷ ಇಂದಿಗೂ ಕಿವಿಯಲ್ಲಿದೆ. ಸುಮ್ಮನಿರಬಹುದಿತ್ತು. ಆದರೆ ನನ್ನ ನಾಲಿಗೆ ಸುಮ್ಮನಿರಬೇಕಲ್ಲ!

"ಬಲ ಅಂದ್ರೆ ಯಾರ ಬಲ ಭಾವ? ನೀವು ಅಮ್ಮನ ಎದುರಿಗೆ ನಿಂತಿದ್ರಿ. ಅಮ್ಮನ ಬಲಗಡೆ ನಿಮಗೆ ಎಡಗಡೆ ಆಗ್ಲಿಲ್ವಾ?"



"ನಾನು ಮನಸ್ಸಲ್ಲಿ ಅಂದ್ಕೊಂಡಿದ್ದು ನನ್ನ ಬಲ ಕಣೋ, ಅಮ್ಮ ಯಾವ್ದು ಅಂದ್ಕೊಂಡ್ಲೋ" ಎಂದರು ಮೆಲ್ಲಗೆ. ಮತ್ತೊಮ್ಮೆ ಕೇಳಲು ಪೂಜಾರಪ್ಪ ಒಪ್ಪಲಿಲ್ಲ, ಬುಕಿಂಗು ಅಲ್ಲಿಗೇ ನಿಂತಿತು. ನಾನು ಇದನ್ನು ಕಂಡಕಂಡವರಿಗೆಲ್ಲ ಹೇಳಿ ಒಂದು ವರ್ಷ ನಗಿಸಿದೆ.

ಈ ವರ್ಷ ಭಾವನ ಬಲ ಮಂಡಿ ಊದಿಕೊಂಡಿತು. ಸವೆದಿದೆ ಎಂದರು ಡಾಕ್ಟರು. ಮನೆ ಮುಂದಿನ ಮಟ್ಟಸ ರಸ್ತೆಯಲ್ಲಿ ಬೇಕಾದರೆ ನಿಧಾನಕ್ಕೆ ಸೈಕಲ್ ತುಳಿಯಿರಿ, ಬೆಟ್ಟದ ಕಡೆ ಮುಖ ಹಾಕಬೇಡಿ ಎಂದುಬಿಟ್ಟರು. ನೋಡಲು ಹೋದೆ. ಭಾವ ದಿವಾನದ ಮೇಲೆ ಕಾಲು ಚಾಚಿ ಕೂತಿದ್ದರು, ಅಕ್ಕ ಮಂಡಿಗೆ ಎಣ್ಣೆ ಹಚ್ಚುತ್ತಿದ್ದಳು.

"ಮುಂದೆ ಆಪರೇಷನ್ ಮಾಡಿದ್ರೆ ಮಂಡಿ ಒಳಗೆ ಟೈಟಾನಿಯಂ ಹಾಕ್ತಾರಂತೆ ಕಣೋ. ಸ್ಟೀಲೂ ಇದೆಯಂತೆ, ವಿಚಾರಿಸ್ದೆ" ಎಂದು ನಕ್ಕರು. "ನೀನೇನಂತೀಯ?"

ನನಗೆ ನಗು ಬರಲಿಲ್ಲ. ಆರು ವರ್ಷದಲ್ಲಿ ಮೊದಲ ಸಲ ಎದುರುವಾದ ಬಿಟ್ಟು ಎಲ್ಲವನ್ನೂ ಹೇಳಿಕೊಂಡೆ. ಬೇಕೆಂದೇ ಅಡ್ಡ ಮಾತಾಡಿದ್ದು, ಹೊಸಕೋಟೆಗೆ ಫೋನ್ ಮಾಡಿದ್ದು, ಹೂವಿನ ಮಾತು. ನನ್ನಿಂದಲೇ ನಿಮ್ಮ ಬೆಟ್ಟ ತಪ್ಪಿಹೋಯಿತು ಭಾವ ಎಂದೆ.

"ನೀನು ತಡೀತಿದ್ದೀಯ ಅಂತ ಗೊತ್ತಿತ್ತು ಕಣೋ" ಎಂದರು. "ಒಂದು ಮಹಡಿ ಹತ್ತಿದ್ರೆ ನಿಂಗೆ ದಮ್ಮು ಕಟ್ಟುತ್ತೆ. ಬರಕ್ಕಾಗಲ್ಲ ಅನ್ನೋಕೆ ನಾಚ್ಕೊಂಡು ಹಿಂಗೆಲ್ಲ ಆಟ ಆಡ್ತಿದ್ದಾನೆ ಅಂದ್ಕೊಂಡೆ. ನೀನು ಒಸಿ ತೂಕ ಇಳಿಸ್ಲಿ ಅಂತ ನಾನೂ ಸುಮ್ನೆ ಕಾಯ್ತಿದ್ದೆ. ಒಬ್ನೇ ಹೋಗಿ ಏನ್ಮಾಡ್ಲಿ?"

ಭಾವ, ಬಾಮೈದರ ನಡುವೆ ಕ್ಷಮೆ ಕೇಳುವ ರೂಢಿಯಿಲ್ಲ, ಏನಿದ್ದರೂ ಗೇಲಿ. ಅಂದು ಅದನ್ನೂ ಬಿಟ್ಟು, ಅಕ್ಕನ ಕೈಯಿಂದ ಎಣ್ಣೆ ಬಟ್ಟಲು ತೆಗೆದುಕೊಂಡು, ಅವರ ಮಂಡಿ ನೀವುತ್ತಾ ಕೂತೆ.