ಜಯದೇವಪ್ಪ ಕೊಂಡ ದಿನ

ಕಾಫಿಗೆ ಬೆಲೆ ಬಂದ ವರ್ಷ ಊರಿನವರು ಜೀಪು ಕೊಂಡರು, ಕಲರ್ ಟಿವಿ ಕೊಂಡರು. ಮೂರೆಕರೆ ತೋಟದ ಜಯದೇವಪ್ಪ ಒಂದು ದಿನವನ್ನು ಕೊಳ್ಳಲು ಹೊರಟ. ತೊಂದರೆ ಶುರುವಾದದ್ದೇ ಅಲ್ಲಿಂದ.

ಅವನಿಗೆ ಬೇಕಾಗಿದ್ದದ್ದು ಇಷ್ಟೇ: ದೇವರಮನೆ ಗುಡ್ಡದ ಹುಲ್ಲಿನ ಮೇಲೆ ಒಂದಿಡೀ ದಿನ ಅಂಗಾತ ಬಿದ್ದಿರುವುದು. ಮದುವೆಯಾದ ಹನ್ನೆರಡು ವರ್ಷದಲ್ಲಿ ಅದು ಕೈಗೂಡಿರಲಿಲ್ಲ. ಈಗಂತೂ ಹಣ್ಣು ಕುಯ್ಲಿನ ಕಾಲ. ನೆರೆಯ ಓಂಕಾರಮೂರ್ತಿಯ ಮನೆಯವರು ಇವನ ತೋಟಕ್ಕೆ ಮುಯ್ಯಾಳಾಗಿ, ಕೂಲಿಯಿಲ್ಲದೆ ಆಳಿಗೆ ಆಳೆಂಬ ಲೆಕ್ಕದಲ್ಲಿ ಬಂದು ದುಡಿದು ಹೋಗಿದ್ದರು. ಗುರುವಾರ ಇವನ ಮನೆಯಿಂದ ಒಂದಾಳು ಅಲ್ಲಿಗೆ ಹೋಗಲೇಬೇಕು. ಹೋಗದಿದ್ದರೆ ಮುಂದಿನ ಕುಯ್ಲಿಗೆ ಯಾರೂ ಬರುವುದಿಲ್ಲ, ಹಣ್ಣು ಗಿಡದಲ್ಲೇ ಒಣಗುತ್ತದೆ.

ಬುಧವಾರ ಸಂಜೆ ಕೂಲಿಯಾಳು ಬೊಮ್ಮಯ್ಯನನ್ನು ಅಂಗಳಕ್ಕೆ ಕರೆದು ಐವತ್ತರ ಎರಡು ನೋಟು ಕೊಟ್ಟ. ಒಂದರ ಅಂಚಿಗೆ ದೇವರ ಡಬ್ಬಿಯ ಅರಿಸಿನ ಅಂಟಿತ್ತು.

“ನಾಳೆ ನನ್ನ ಬದಲಿಗೆ ನೀನು ಹೋಗು.”

“ಇದು ಮೂರು ದಿನದ ಕೂಲಿ, ಅಯ್ಯಾ.”

“ಇರ್ಲಿ. ದುಡ್ಡು ಇರೋದು ಯಾತಕ್ಕೆ ಮಾರಾಯ? ಪುರುಸೊತ್ತು ಕೊಂಡ್ಕೊಳ್ಳೋಕೆ!”

ಒಳಗೆ ಅಕ್ಕಿ ಆರಿಸುತ್ತಿದ್ದ ಹೆಂಡತಿ ಕುಸುಮಾ ತಲೆ ಎತ್ತಿದಳು.

ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು, ಫ್ಲಾಸ್ಕು ಹಿಡಿದು ಹೊರಟ. ಕುಯ್ಲಿನ ದಿನ ಇಸ್ತ್ರಿ ಅಂಗಿ ತೊಟ್ಟವನು ಬಾವಿಯ ಹಗ್ಗವಿದ್ದಂತೆ, ಕಂಡವರೆಲ್ಲ ಎಳೆಯುವವರೇ.

“ಖಾಲಿ ಇದ್ದೀಯಂತಲ್ಲ?” ಎಂದು ಆಚೆಮನೆಯ ಬಸಮ್ಮ ತಪ್ಪಿಸಿಕೊಂಡ ಕಡಸನ್ನು ಹಿಡಿಸಿದಳು.

“ಹುಷಾರಿಲ್ವೇನೋ? ಮನೇಲಿ ಜಗಳವೇನೋ?” ಎನ್ನುತ್ತಲೇ ಕೆಳಮನೆಯ ತಿಮ್ಮಪ್ಪ ಇವನನ್ನು ಏಣಿ ಹಿಡಿಯಲು ನಿಲ್ಲಿಸಿ, ಮೇಲೆ ಹತ್ತಿ ಒಂದು ಗಂಟೆ ಟಿವಿ ಆಂಟೆನಾ ತಿರುಗಿಸಿದ.

ಗುಡ್ಡ ಹತ್ತುವಷ್ಟರಲ್ಲಿ ನೆತ್ತಿಯ ಮೇಲೆ ಸೂರ್ಯ, ಅಂಗಿಯ ಮೇಲೆ ಸಗಣಿ. ಅವನು ಕನಸು ಕಂಡ ಜಾಗದಲ್ಲೇ ಯಾರೋ ಮುಖಕ್ಕೆ ಟವೆಲ್ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದರು. ಟವೆಲ್ ಎತ್ತಿದ. ಬೊಮ್ಮಯ್ಯ!

“ಅಯ್ಯೋ ಪಾಪಿ! ಅಲ್ಲಿ ನನ್ನ ಮರ್ಯಾದೆ ಗತಿ ಎಂತದೋ?”

“ಗಾಬರಿ ಆಗ್ಬೇಡಿ ಅಯ್ಯಾ, ಬದಲಿ ಆಳು ಹೋಗಿದೆ. ಮೂರು ದಿನದ ಕೂಲಿ ಒಟ್ಟಿಗೆ ಬಂದ್ಮೇಲೆ ಇವತ್ತೇ ಯಾಕೆ ಸೊಂಟ ಬಗ್ಗಿಸ್ಬೇಕು? ನೀವೇ ಹೇಳಿದ್ರಲ್ಲ, ಐವತ್ತು ಕೊಟ್ಟು ನಾನೂ ಪುರುಸೊತ್ತು ಕೊಂಡೆ. ಆ ಫ್ಲಾಸ್ಕಲ್ಲಿರೋದು ಕಾಫಿನಾ?”

“ಯಾರಿಗೋ ಕೊಟ್ಟೆ?”

“ನಿಮ್ಮನೆ ಅಮ್ಮಾವ್ರಿಗೆ. ಅವ್ರೇ ಕೇಳಿದ್ರು.”

ಜಯದೇವಪ್ಪ ಗುಡ್ಡ ಇಳಿದ ವೇಗಕ್ಕೆ ಬಸಮ್ಮನ ಕಡಸೂ ನಾಚಬೇಕು. ಮನೆಯಲ್ಲಿ ಕರು ಅರಚುತ್ತಿತ್ತು, ಒಲೆ ತಣ್ಣಗಿತ್ತು. ಕೊಟ್ಟಿಗೆ ಬಾಚಿದ, ಹಾಲು ಕರೆದ, ಅನ್ನಕ್ಕಿಟ್ಟ.

ಸಂಜೆ ಕುಸುಮಾ ಬಂದು ಕೈಕಾಲು ತೊಳೆದು, ಗಂಡ ಮಾಡಿದ ಅನ್ನ ಉಂಡಳು.

“ನಾಳೆಗೂ ಓಂಕಾರಮೂರ್ತಿಯವ್ರಿಗೆ ಒಂದಾಳು ಬೇಕಂತೆ. ನಮ್ಮನೆಯಿಂದ ಬರ್ತದೆ ಅಂತ ಒಪ್ಕೊಂಡೆ.”

“ಮತ್ತೆ ನೀನು ಹೋಗ್ತೀಯಾ?”

“ನಾನ್ಯಾಕೆ? ನಾನು ದೇವರಮನೆ ಗುಡ್ಡಕ್ಕೆ. ಹನ್ನೆರಡು ವರ್ಷ ಆಯ್ತು, ಹಗಲು ಹೊತ್ತು ಒಂದ್ಸಲ ಅಂಗಾತ ಮಲಗಿಲ್ಲ.”

“ಬೊಮ್ಮಯ್ಯನ್ನ ಕಳಿಸಿದ್ರೆ?”

“ಅವನ ಕೂಲಿ ಈಗ ನೂರು. ಏರಿಸ್ದೋರು ನೀವೇ.”

ಕುಸುಮಾ ಸೆರಗಿನ ಗಂಟು ಬಿಚ್ಚಿ, ಐವತ್ತರ ನೋಟನ್ನು ಗಂಡನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

“ಏಳಕ್ಕೆಲ್ಲ ತೋಟದಲ್ಲಿರ್ಬೇಕು. ಹೋಗೋಕೆ ಮುಂಚೆ ಫ್ಲಾಸ್ಕಿಗೆ ಕಾಫಿ ಹಾಕಿಡಿ.”

ನೋಟಿನ ಅಂಚಿನಲ್ಲಿ ಅರಿಸಿನ ಇನ್ನೂ ಹಾಗೇ ಇತ್ತು.